ಸುತ್ತಿ ಬೀಳುವ ಪಾಠಕ್ಕೊಂದು ಗ್ಲೈಡರು

ಗ್ಲೈಡಿಂಗ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಒಬ್ಬಿಬ್ಬರು ವಿಶಾಖಪಟ್ಟಣದ ಪೆಂಡುರ್ತಿಯ ನಮ್ಮ ಮನೆ ಹುಡುಕಿಕೊಂಡು ಬರುವುದುಂಟು. ಬಂದವರು ಕಾಫಿ ಮುಗಿಯುವುದರೊಳಗೆ ಕೇಳುವ ಪ್ರಶ್ನೆ ಒಂದೇ: ಒಟ್ಟು ಎಷ್ಟು ಗಂಟೆ ಹಾರಿದ್ದೀರಿ? ನನಗೆ ರೇಗುತ್ತದೆ. ಬಿಸಿಲಿನಲ್ಲಿ ರನ್‌ವೇ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಷ್ಟು ಗಂಟೆ ಕೂತಿದ್ದೆ ಎಂದು ಒಬ್ಬರೂ ಕೇಳುವುದಿಲ್ಲ. ಕಲಿಸುವವನ ನೌಕರಿ ಬಹುಪಾಲು ಕಳೆಯುವುದು ಅಲ್ಲೇ, ಕತ್ತು ಮೇಲೆತ್ತಿಕೊಂಡು, ಬೇರೆಯವರ ಮಕ್ಕಳು ಕ್ಷೇಮವಾಗಿ ಇಳಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ. ಆದ್ದರಿಂದ ಗಂಟೆಗಳ ಲೆಕ್ಕ ಬಿಟ್ಟು, ಒಂದು ಗ್ಲೈಡರನ್ನು ಆರಿಸಿದ ಕಥೆ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪುಗಳೂ ಇವೆ. ಕಲಿಯುವವರಿಗೆ ಉಪಯೋಗಕ್ಕೆ ಬರುವುದು ಅವೇ.

ನಾನು ಧಾರವಾಡದವನು, ಹೆಸರು ದೇಸಾಯಿ. ಕಾಲೇಜಿನ ದಿನಗಳಲ್ಲಿ ಗ್ಲೈಡಿಂಗಿನ ಹುಚ್ಚು ಹತ್ತಿತು, ಅದೇ ಹೊಟ್ಟೆಪಾಡೂ ಆಯಿತು. ಆಂಧ್ರಕ್ಕೆ ವರ್ಗವಾದದ್ದು ನನಗಲ್ಲ, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ನನ್ನ ಹೆಂಡತಿ ಶ್ಯಾಮಲಾಗೆ. ಅವಳ ಹಿಂದೆ ಗಂಟುಮೂಟೆ ಕಟ್ಟಿಕೊಂಡು ವಿಜಯವಾಡಕ್ಕೆ ಬಂದವನಿಗೆ ಊರ ಹೊರಗಿನ ಗ್ಲೈಡಿಂಗ್ ಕ್ಲಬ್ಬಿನಲ್ಲಿ ಬೋಧಕನ ಕೆಲಸ ಸಿಕ್ಕಿತು. ಮುಂದೆ ಅವಳಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಕ್ಲಬ್ಬಿನ ಹಾರಾಟ ನಡೆಯುವುದು ಹೆಚ್ಚಾಗಿ ಶನಿವಾರ, ಭಾನುವಾರ. ಹಾಗಾಗಿ ನಾನು ಶನಿವಾರ ನಸುಕಿನ ರೈಲು ಹಿಡಿದು ವಿಜಯವಾಡಕ್ಕೆ ಹೋಗಿ ಭಾನುವಾರ ಸಂಜೆ ಹೊರಟು ಬರುತ್ತಿದ್ದೆ. ನಿವೃತ್ತಿಯವರೆಗೂ ಇದೇ ಓಡಾಟ.

"ಅಲ್ರೀ, ಎಲ್ಲಾರೂ ಮಂದಿಗೆ ಹಾರೂದು ಕಲಸ್ತಾರ, ನೀವು ಬೀಳೂದು ಕಲಸ್ತೀರಿ. ಅದಕ್ಕ ಪಗಾರ ಬ್ಯಾರೆ," ಎಂದು ಶ್ಯಾಮಲಾ ನನ್ನನ್ನು ಆಡಿಸುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಪಾಲಿಗೆ ಬಂದ ಮುಖ್ಯ ಕೆಲಸ ಸ್ಪಿನ್ ಕಲಿಸುವುದು.

ಸ್ಪಿನ್ ಎಂದರೇನು? ಗ್ಲೈಡರಿಗೆ ಎಂಜಿನ್ ಇಲ್ಲ. ವಿಂಚ್ ಎಂಬ ಯಂತ್ರ ಉದ್ದನೆಯ ಹಗ್ಗದಿಂದ ಅದನ್ನು ಎಳೆದು ಗಾಳಿಪಟದಂತೆ ಮೇಲೇರಿಸುತ್ತದೆ. ಆಮೇಲೆ ಬಿಸಿಗಾಳಿ ಏಳುವ ಜಾಗ ಹುಡುಕಿಕೊಂಡು ನಾವೇ ಮೇಲೇರಬೇಕು. ಮೂತಿ ಎತ್ತಿ ತೀರಾ ನಿಧಾನವಾಗಿ ಹಾರಿಸಿದರೆ ಒಂದು ಹಂತದಲ್ಲಿ ರೆಕ್ಕೆಗಳು ಭಾರ ಹೊರಲಾರದೆ ಕೈಬಿಡುತ್ತವೆ. ಆ ಹೊತ್ತಿನಲ್ಲಿ ಗ್ಲೈಡರಿನ ಮೂತಿ ಪಕ್ಕಕ್ಕೆ ಎಳೆಯುತ್ತಿದ್ದರೆ ಒಂದು ರೆಕ್ಕೆ ಮೊದಲು ಕುಸಿದು, ಇಡೀ ಗ್ಲೈಡರು ಬುಗುರಿಯ ಹಾಗೆ ಸುತ್ತುತ್ತಾ ಕೆಳಗಿಳಿಯುತ್ತದೆ. ಅದೇ ಸ್ಪಿನ್. ಬಿಡಿಸಿಕೊಳ್ಳುವ ದಾರಿ ಇದೆ. ಸುತ್ತುವ ದಿಕ್ಕಿಗೆ ವಿರುದ್ಧವಾದ ಪೆಡಲನ್ನು ಪೂರ್ತಿ ಒತ್ತಬೇಕು, ಸುತ್ತು ನಿಲ್ಲುವವರೆಗೆ ಸ್ಟಿಕ್ಕನ್ನು, ಅಂದರೆ ಮೂತಿ ಏರಿಳಿಸುವ ಹಿಡಿಕೋಲನ್ನು, ಮುಂದಕ್ಕೆ ಒಯ್ಯಬೇಕು, ನಿಂತ ಕೂಡಲೇ ಪೆಡಲನ್ನು ಸಮ ಮಾಡಿ ಮೆಲ್ಲಗೆ ಮೂತಿ ಎತ್ತಬೇಕು. ಬರೆದರೆ ಮೂರು ಸಾಲು. ಆದರೆ ನೆಲವೇ ಮುಖಕ್ಕೆ ಬರುತ್ತಿರುವಾಗ ಸ್ಟಿಕ್ಕನ್ನು ನೆಲದ ಕಡೆಗೇ ತಳ್ಳುವುದು ಮೈಗೆ ಒಗ್ಗದ ಕೆಲಸ. ಮೈ "ಎಳಿ, ಎಳಿ" ಎನ್ನುತ್ತದೆ. ಎಳೆದಷ್ಟೂ ಸುತ್ತು ಬಿಡುವುದಿಲ್ಲ. ಅದಕ್ಕೇ ಎರಡು ಸೀಟಿಗೂ ಒಂದಕ್ಕೊಂದು ಜೋಡಿಸಿದ ಸ್ಟಿಕ್, ಪೆಡಲ್ ಇರುವ ಗ್ಲೈಡರಿನಲ್ಲಿ ಬೋಧಕ ಹಿಂದೆ ಕೂತು ಇದನ್ನು ಮಾಡಿಸಿ ತೋರಿಸುತ್ತಾನೆ. ಶಿಷ್ಯ ತಾನಾಗಿ ಸ್ಪಿನ್ ಬಿಡಿಸಿ ತೋರಿಸುವವರೆಗೆ ನಮ್ಮ ಕ್ಲಬ್ಬಿನಲ್ಲಿ ಅವನನ್ನು ಒಬ್ಬನೇ ಹಾರಲು ಬಿಡುತ್ತಿರಲಿಲ್ಲ.

ನಾನು ಸೇರಿದಾಗ ಮುಖ್ಯ ಬೋಧಕರಾಗಿದ್ದವರು ವೆಂಕಟರಾಯರು. ಬಿಳಿ ಪ್ಯಾಂಟು, ಬಾಯಲ್ಲಿ ಲವಂಗ, ದಿನಕ್ಕೆ ಹತ್ತೇ ಮಾತು. ಅವರು ಸ್ಪಿನ್ ಕಲಿಸುತ್ತಿದ್ದುದು ಹೇಳದೆ ಕೇಳದೆ. ಶಿಷ್ಯ ಕೃಷ್ಣಾ ನದಿಯನ್ನೋ ಬ್ಯಾರೇಜನ್ನೋ ನೋಡುತ್ತಾ ಖುಷಿಯಾಗಿ ಕೂತಿರುವಾಗ ಹಿಂದಿನಿಂದ ಸ್ಟಿಕ್ ಎಳೆದು ಪೆಡಲ್ ಒದೆಯುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ, "ಸ್ಪಿನ್ ಅನ್ನೋದು ತಂತಿ ಕಳಿಸಿ ಬರೋ ನೆಂಟ ಅಲ್ಲಂಡಿ," ಎನ್ನುತ್ತಿದ್ದರು. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಪರೀಕ್ಷಿಸಿದಾಗ ನನಗೂ ಹಾಗೇ ಮಾಡಿದ್ದರು. ಅವರ ಮೇಲಿನ ಗೌರವಕ್ಕೋ, ನಾನು ಸೋಮಾರಿಯಾಗಿದ್ದುದಕ್ಕೋ, ಅವರು ಹೋದ ಮೇಲೆ ನಾನೂ ಅದನ್ನೇ ಮುಂದುವರಿಸಿದೆ.

ಆಗ ನಮ್ಮಲ್ಲಿದ್ದದ್ದು ಮರ ಮತ್ತು ಬಟ್ಟೆಯ ಹಳೆಯ ಎರಡು ಸೀಟಿನ ಗ್ಲೈಡರು. ಎಲ್ಲರೂ ಅದನ್ನು ಅಜ್ಜಿ ಎಂದು ಕರೆಯುತ್ತಿದ್ದೆವು. ಅಜ್ಜಿ ಯಾರು ಕೂತರೂ ಸ್ಪಿನ್ ಆಗುತ್ತಿತ್ತು, ಹೇಳಿದಂತೆ ಕೇಳಿ ಹೊರಗೂ ಬರುತ್ತಿತ್ತು. ಅದರ ಜೊತೆ ಇಷ್ಟು ವರ್ಷ ಇದ್ದು ನಾನು ಒಂದು ತಪ್ಪು ಪಾಠ ಕಲಿತಿದ್ದೆ. ಸ್ಪಿನ್ನಿನ ಗುಣ ಗ್ಲೈಡರಿನಲ್ಲಿ ಇರುತ್ತದೆ, ಕೂತವರಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದೆ.

ಲಾವಣ್ಯ ಬಂದದ್ದು ಅಜ್ಜಿಯ ಕೊನೆಗಾಲದಲ್ಲಿ. ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದಳು. ತಂದೆ ವಿಶಾಖಪಟ್ಟಣದ ತೆಲುಗಿನವರು, ತಾಯಿ ಬಳ್ಳಾರಿಯ ಕಡೆಯವರು. ತಾಯಿಯಿಂದ ಕಲಿತ ಅವಳ ಕನ್ನಡದಲ್ಲಿ ಅರ್ಧ ತೆಲುಗು ಬೆರೆತಿರುತ್ತಿತ್ತು, ನಮ್ಮ 'ರೀ' ಬರುವ ಕಡೆ ಅವಳದು 'ಅಂಡಿ'. ಶನಿವಾರ ರಜೆ ಸಿಗುವಂತೆ ಪಾಳಿ ಬದಲಿಸಿಕೊಂಡು, ನಾನು ಬರುವ ರೈಲಿಗೇ ಅನಕಾಪಲ್ಲಿಯಲ್ಲಿ ಹತ್ತುತ್ತಿದ್ದಳು. ಕಡ್ಡಿಯಂಥ ಹುಡುಗಿ. ಗ್ಲೈಡರಿನ ಮುಂದಿನ ಸೀಟಿನಲ್ಲಿ ಕೂರುವವರಿಗೆ ಕನಿಷ್ಠ ಇಷ್ಟು ತೂಕ ಇರಬೇಕು ಎಂದು ನಿಯಮವಿದೆ. ಅವಳು ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತಿದ್ದಳು. ಒಬ್ಬಳೇ ಹಾರಬೇಕು ಎಂಬುದೊಂದೇ ಅವಳ ಆಸೆ. ಅದನ್ನು ಮೊದಲ ದಿನವೇ ಹೇಳಿದ್ದಳು.

ಅವಳಿಗೂ ಹೇಳದೆ ಕೇಳದೆ ಸ್ಪಿನ್ ಕೊಟ್ಟೆ. ಅಜ್ಜಿ ಎಡಕ್ಕೆ ಉರುಳಿದ್ದೇ ತಡ, ಅವಳು ಎರಡೂ ಕೈಯಿಂದ ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡುಬಿಟ್ಟಳು. ನಾನು ಹಿಂದಿನಿಂದ ತಳ್ಳಿದರೂ ಮುಂದಕ್ಕೆ ಹೋಗಲಿಲ್ಲ. "ಬಿಡು! ಕೈ ಬಿಡು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಷ್ಟು ಸಣ್ಣ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಕೊನೆಗೆ ಅವಳ ಹಿಡಿತ ಸಡಿಲಾಗಿ ಗ್ಲೈಡರು ಹೊರಬಂದಾಗ ನಾನು ಸ್ಪಿನ್ನಿನಲ್ಲಿ ಎಂದೂ ಇಳಿಯದಷ್ಟು ಕೆಳಗೆ ಬಂದಿದ್ದೆವು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ತಲೆಯೆತ್ತಿ ನೋಡುತ್ತಿದ್ದುದು ಕಾಣುತ್ತಿತ್ತು. ಇಳಿದ ಮೇಲೆ ಲಾವಣ್ಯ ಒಂದು ಬಾಟಲಿ ನೀರು ಕುಡಿದು ಬಸ್ಸಿನ ಕಡೆ ನಡೆದುಬಿಟ್ಟಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಶ್ಯಾಮಲಾಗೆ ಹೇಳಿಕೊಂಡೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದರೆ ಅವಳು ಉಗಿದಳು. "ನಿಮ್ಮ ರಾಯರು ನಿಮಗ ಮಾಡಿದ್ದನ್ನ ನೀವು ಆ ಹುಡಿಗಿಗೆ ಮಾಡಿದ್ರಿ. ಅತ್ತಿ ಕಾಟ ಕೊಟ್ಟಳಂತ ಸೊಸಿ ತಾ ಅತ್ತಿ ಆದ ಮ್ಯಾಲೆ ಕಾಟ ಕೊಡ್ತಾಳಲ್ಲ, ಹಂಗಾತು ಇದು." ಇಷ್ಟು ವರ್ಷದ ನನ್ನ ಬೋಧನೆಯ ಬಗ್ಗೆ ಇಷ್ಟು ಸರಿಯಾದ ವಿಮರ್ಶೆಯನ್ನು ಬೇರೆ ಯಾರೂ ಮಾಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಐದು ವಾರ ಕಳೆದ ಮೇಲೆ ಅನಕಾಪಲ್ಲಿಯಲ್ಲಿ ಲಾವಣ್ಯ ಮತ್ತೆ ಹತ್ತಿದಳು. ನೇರವಾಗಿ ನನ್ನ ಎದುರಿನ ಸೀಟಿಗೆ ಬಂದು ಕೂತಳು.

"ಮಾಸ್ಟಾರೂ, ಮೊದಲೇ ಹೇಳಿ ಮಾಡಿದರೆ ನಾನು ಕಲೀತೀನಂಡಿ. ಹೇಳದೆ ಮಾಡಿದರೆ ಕಲಿಯೋದಿಲ್ಲ. ಬರೀ ಭಯ ಬೀಳ್ತೀನಿ."

"ತಪ್ಪಾತು ತಂಗಿ," ಎಂದೆ. "ಇನ್ನ ಹೇಳದ ಮಾಡಂಗಿಲ್ಲ."

ಅಲ್ಲಿಂದ ವಿಜಯವಾಡದವರೆಗೂ ಸ್ಪಿನ್ನಿನ ಒಂದೊಂದು ಹಂತವನ್ನೂ ಅವಳಿಗೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಅಂದೇ ಮಧ್ಯಾಹ್ನ ಹಾರುವುದೆಂದು ನಿರ್ಧಾರವೂ ಆಯಿತು. ಆದರೆ ಕ್ಲಬ್ಬಿಗೆ ಹೋದರೆ ಅಜ್ಜಿಯ ರೆಕ್ಕೆಗಳು ಕಳಚಿ ನೆಲದ ಮೇಲಿದ್ದವು. ವಾರ್ಷಿಕ ತಪಾಸಣೆಗೆ ಬಂದ ಎಂಜಿನಿಯರು ರೆಕ್ಕೆಯ ಮುಖ್ಯ ತೊಲೆಯಲ್ಲಿ ಅಂಟು ಬಿಡುತ್ತಿರುವುದನ್ನು ಕಂಡು, ಇನ್ನು ಹಾರಿಸಕೂಡದು ಎಂದು ಬರೆದುಬಿಟ್ಟಿದ್ದರು. ಲಾವಣ್ಯಳ ಒಂಟಿ ಹಾರಾಟ ಅಲ್ಲಿಗೆ ನಿಂತಿತು. ಸ್ಪಿನ್ ಬಿಡಿಸದೆ ಒಬ್ಬಳೇ ಹಾರುವಂತಿಲ್ಲ, ಸ್ಪಿನ್ ಕಲಿಸಲು ಗ್ಲೈಡರಿಲ್ಲ. ನನ್ನ ನಿವೃತ್ತಿಯೂ ಹತ್ತಿರವಿತ್ತು. ಹೆದರಿಸಿ ಓಡಿಸಿದವನು ನಾನು. ಹೋಗುವ ಮೊದಲು ಅವಳನ್ನು ನಾನೇ ಕೈಯಾರೆ ಒಂಟಿ ಹಾರಾಟಕ್ಕೆ ಕಳಿಸಬೇಕು ಎಂಬುದೊಂದು ಹಟವಾಗಿ ಕೂತಿತು.

ಹೊಸ ಎರಡು ಸೀಟಿನ ಗ್ಲೈಡರು ತರಿಸಲು ಕ್ಲಬ್ಬಿನ ಸಮಿತಿ ಒಪ್ಪಿತು. ಯಾವುದು ಎಂಬಲ್ಲಿ ಜಗಳ ಶುರುವಾಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಕಾರ್ಯದರ್ಶಿ ಪ್ರಸಾದ್ ಗಾರು. ಅವರು ವಿಜಯವಾಡದಲ್ಲಿ ಟಿಫಿನ್ ಹೋಟೆಲಿನ ಯಜಮಾನರು, ತಾವೂ ಹಾರುವವರು. ತಮ್ಮ ಹೋಟೆಲಿನ ಹೆಸರುಕಾಳಿನ ದೋಸೆ ಪೆಸರಟ್ಟಿಗೆ ತಾವೇ ಜಾಹೀರಾತು ಎಂಬಂಥ ಮೈಕಟ್ಟು. ಪೇಟೆಯಲ್ಲಿ ನಮಗೆ ಹೊಂದುವಂಥವು ಎರಡು ಬಗೆ ಇದ್ದವು. ಮೊದಲನೆಯದು ಚುರುಕು, ಕಣ್ಣು ಮಿಟುಕಿಸುವುದರೊಳಗೆ ಸ್ಪಿನ್ ಆಗುತ್ತದೆ. ಎರಡನೆಯದು ಸಾಧು, ಸುಲಭಕ್ಕೆ ಸ್ಪಿನ್ ಆಗುವುದಿಲ್ಲ ಎಂದು ಹೆಸರು. ಸ್ಪಿನ್ ಕಲಿಸಲು ಸ್ಪಿನ್ ಆಗದ ಗ್ಲೈಡರೇ? ಈಜು ಕಲಿಸಲು ಒಣಗಿದ ಬಾವಿ ಕೊಂಡಂತೆ ಎಂದು ನಾನು ಸಭೆಯಲ್ಲಿ ಕೂಗಾಡಿದೆ. ಪ್ರಸಾದ್ ಗಾರು ಸಿಟ್ಟಾಗಲಿಲ್ಲ. "ದೇಸಾಯಿಗಾರೂ, ಮಾತಾಡಿ ಏನು ಪ್ರಯೋಜನ? ಹೋಗಿ ಎರಡರಲ್ಲೂ ಕೂತು ನೋಡೋಣ. ಲಾವಣ್ಯಾನ್ನೂ ಕರಕೊಂಡು ಹೋಗೋಣ. ಕಲಿಯೋರು ಅವರು ತಾನೆ?" ಎಂದರು.

ಶಿಷ್ಯೆಯನ್ನು ಕೇಳಿ ಗ್ಲೈಡರು ಆರಿಸುವುದೇ ಎಂದು ನಾನು ಒಳಗೊಳಗೇ ಗೊಣಗಿದೆ. ಆದರೂ ಮೂವರೂ ಹೋದೆವು. ಉತ್ತರದ ಕಡೆಯ ಒಂದು ಕ್ಲಬ್ಬಿನಲ್ಲಿ ಎರಡೂ ಬಗೆಯವು ಇದ್ದವು.

ಚುರುಕಿನದು ನನ್ನ ಮನಸ್ಸಿಗೆ ತಕ್ಷಣ ಹಿಡಿಸಿತು. ಪ್ರಸಾದ್ ಗಾರು ಕೂತರೂ ಸ್ಪಿನ್, ಲಾವಣ್ಯ ಕೂತರೂ ಸ್ಪಿನ್. ಹೊರಗೆ ಬರಲು ಅಜ್ಜಿಗಿಂತ ತುಸು ಹೆಚ್ಚು ಎತ್ತರ ತಿನ್ನುತ್ತಿತ್ತು. ಅದನ್ನು ನಾನು ಗಮನಿಸಿದೆ, ಆದರೆ ಬಾಯಿ ಬಿಡಲಿಲ್ಲ. ಸಾಧುವಾದದ್ದರಲ್ಲಿ ಪ್ರಸಾದ್ ಗಾರನ್ನು ಮುಂದೆ ಕೂರಿಸಿಕೊಂಡು ಐದಾರು ಸಲ ಪ್ರಯತ್ನಿಸಿದೆ. ಮೂತಿ ತಗ್ಗಿಸಿ ತಲೆಯಾಡಿಸಿ ಮತ್ತೆ ಹಾರಿಕೊಂಡು ಹೋಗುತ್ತಿತ್ತು. ಇಳಿದು ಬಂದು, "ಇದು ಎಮ್ಮೆ. ಇದರಾಗ ಏನು ಕಲಸೂದು?" ಎಂದು ತೀರ್ಪು ಕೊಟ್ಟೆ.

"ನಾನೂ ಒಂದು ಸಲ ಕೂರಲೇನಂಡಿ?" ಎಂದಳು ಲಾವಣ್ಯ.

ಬೇಡವೆನ್ನಲು ಕಾರಣವಿರಲಿಲ್ಲ. ಮೇಲೆ ಹೋದ ಮೇಲೆ, ಹೇಗೂ ಆಗುವುದಿಲ್ಲ ಎಂಬ ಉಡಾಫೆಯಲ್ಲಿ, "ಹೂಂ, ನೀನ ಮಾಡು. ನಿಧಾನ ಮಾಡು, ಸ್ಟಿಕ್ ಎಳಿ, ಎಡ ಪೆಡಲ್ ಒತ್ತು," ಎಂದೆ. ಅವಳು ಹೇಳಿದಂತೆ ಮಾಡಿದಳು. ಎಮ್ಮೆ ಒಮ್ಮೆ ನಡುಗಿ ಎಡಕ್ಕೆ ಮಗುಚಿ ಚೆನ್ನಾಗಿ ಸುತ್ತತೊಡಗಿತು. ನಾನು ಗಡಿಬಿಡಿಯಿಂದ ಸ್ಟಿಕ್ಕಿಗೆ ಕೈ ಹಾಕಿ ಬಿಡಿಸಿದೆ. ಅದು ವಿಧೇಯವಾಗಿ ಹೊರಬಂತು.

ಕೆಳಗಿಳಿದು ತೂಕದ ಪಟ್ಟಿ ತೆಗೆದು ನೋಡಿದೆ. ನೋಡಲೇಬೇಕಾಗಿದ್ದ ಕೆಲಸವನ್ನು ನಾನು ಕೊನೆಗೆ ಇಟ್ಟಿದ್ದೆ. ಮುಂದೆ ಕೂತವರು ಭಾರವಿದ್ದರೆ ಗ್ಲೈಡರಿನ ಮೂತಿ ಭಾರ, ಅದು ಸ್ಪಿನ್ನಿಗೆ ಹೋಗುವುದಿಲ್ಲ. ಹಗುರವಿದ್ದರೆ ಬಾಲದ ಕಡೆ ಭಾರ ಹೆಚ್ಚಿ ಸ್ಪಿನ್ನಿಗೆ ಹೋಗುತ್ತದೆ. ಪ್ರಸಾದ್ ಗಾರಿಗೆ ಸಾಧುವಾಗಿದ್ದ ಗ್ಲೈಡರೇ ಲಾವಣ್ಯಳಿಗೆ ಸಾಧುವಾಗಿರಲಿಲ್ಲ. ಪುಸ್ತಕದಲ್ಲಿದ್ದ ಈ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ, ಅಜ್ಜಿಯ ಸಹವಾಸದಲ್ಲಿ ಮರೆತುಹೋಗಿತ್ತು. ಬೋಧಕರಾಗುವವರೇ, ಗ್ಲೈಡರು ಆರಿಸುವಾಗ ನಿಮ್ಮಂಥವರನ್ನೇ ಕೂರಿಸಿ ಪರೀಕ್ಷೆ ಮಾಡಬೇಡಿ. ನಿಮ್ಮ ಅತಿ ಹಗುರ ಶಿಷ್ಯನನ್ನೂ ಅತಿ ಭಾರದ ಶಿಷ್ಯನನ್ನೂ ಕೂರಿಸಿ ನೋಡಿ.

ಭಾರದವರಿಗೆ ಸ್ಪಿನ್ ಕಲಿಸಲೂ ಆ ಸಾಧು ಗ್ಲೈಡರಿನಲ್ಲಿ ವ್ಯವಸ್ಥೆಯಿತ್ತು. ತಯಾರಕರೇ ಕೊಡುವ ಲೋಹದ ಬಿಲ್ಲೆಗಳು. ಮುಂದೆ ಕೂತವರ ತೂಕ ನೋಡಿಕೊಂಡು, ಪಟ್ಟಿಯಲ್ಲಿ ಹೇಳಿದಷ್ಟು ಬಿಲ್ಲೆಗಳನ್ನು ಬಾಲದಲ್ಲಿ ಕೂರಿಸಿ ಬಿಗಿಯಬೇಕು. ಆಗ ಪ್ರಸಾದ್ ಗಾರಿಗೂ ಸ್ಪಿನ್ ಭಾಗ್ಯ. ಪಾಠ ಮುಗಿದ ಮೇಲೆ ತೆಗೆದಿಟ್ಟರೆ ಮತ್ತೆ ಸಾಧು.

ಆದರೂ ನನ್ನ ಮನಸ್ಸು ಚುರುಕಿನದರ ಮೇಲೇ ಇತ್ತು. ಪ್ರಸಾದ್ ಗಾರು ಕೇಳಿದರು: "ಸ್ಪಿನ್ ಪಾಠ ಎಷ್ಟು ದಿನ ಅಂಡಿ? ಉಳಿದ ದಿನ ಎಲ್ಲಾ ಹೊಸಬರು ಅದರಲ್ಲೇ ತಾನೆ ಇಳಿಯೋದು, ತಿರುಗೋದು? ದಿನಾ ಕೂರೋ ಗಾಡಿ ಕ್ಷಮಿಸೋ ಹಾಗಿರಬೇಡವಾ?" ಆಗ ಲಾವಣ್ಯ ಹೇಳಿದ ಮಾತು ಇದು: "ಮಾಸ್ಟಾರೂ, ಆ ಗ್ಲೈಡರಲ್ಲಿ ಅದು ತಾನೇ ಬಿತ್ತು ಅನ್ನಿಸ್ತು. ಇದರಲ್ಲಿ ನಾನು ಏನೇನು ತಪ್ಪು ಮಾಡಿದ್ದಕ್ಕೆ ಬಿತ್ತು ಅಂತ ಒಂದೊಂದೂ ಗೊತ್ತಾಯ್ತು."

ನಾನು ಸೋತೆ. ಸೋತದ್ದಕ್ಕೆ ಇಡೀ ರೈಲು ಪ್ರಯಾಣ ಮುಖ ಊದಿಸಿಕೊಂಡು ಕೂತಿದ್ದೆ ಎಂದೂ ಒಪ್ಪಿಕೊಳ್ಳುತ್ತೇನೆ.

ಗ್ಲೈಡರು ಹಡಗಿನಲ್ಲಿ ವಿಶಾಖಪಟ್ಟಣ ಬಂದರಿಗೆ ಬಂತು. ಬಿಡಿಸಿಕೊಂಡು ಬರಲು ಊರಲ್ಲೇ ಇದ್ದ ನನ್ನನ್ನು ಕಳಿಸಿದರು. ಕಾಗದ ನೋಡುತ್ತಿದ್ದ ಸುಂಕದ ಅಧಿಕಾರಿ ಬಹಳ ಶಿಸ್ತಿನವರು. ಪೆಟ್ಟಿಗೆ ತೆರೆಸಿ ರೆಕ್ಕೆ, ಬಾಲ, ಒಡಲು ಎಲ್ಲ ಗುರುತು ಹಾಕಿಕೊಂಡು, "ಇಂಜಿನ್ ಎಕ್ಕಡಂಡಿ?" ಎಂದರು. ಎಂಜಿನ್ ಎಲ್ಲಿ ಎಂದು.

"ಇಂಜಿನ್ ಲೇದಂಡಿ, ಇಲ್ಲ," ಎಂದೆ.

"ಲೇದಾ? ಬೇರೆ ಹಡಗಲ್ಲಿ ಬರ್ತಿದೆಯಾ?"

"ಇದಕ್ಕೆ ಇಂಜಿನ್ನೇ ಇರೋದಿಲ್ಲ ಸಾರ್. ಗಾಳಿಯಲ್ಲಿ ಹೋಗುತ್ತೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಯಾರೋ ಈ ಮುದುಕನಿಗೆ ಟೋಪಿ ಹಾಕಿದ್ದಾರೆ ಎಂಬ ಕನಿಕರ ಆ ಕಣ್ಣುಗಳಲ್ಲಿತ್ತು. ಆಮೇಲೆ ವಿಷಯ ತಿಳಿದು, ಚಹಾ ತರಿಸಿ, ತಮ್ಮ ಮಗನನ್ನು ಒಮ್ಮೆ ಕರೆತರಲೇ ಎಂದು ಕೇಳಿದರು. ಕರೆತಂದರೂ ಕೂಡ.

ಹೊಸ ಗ್ಲೈಡರಿನಲ್ಲಿ ಲಾವಣ್ಯಳ ಪಾಠ ನಿಧಾನವಾಗಿ ಸಾಗಿತು. ಈಗ ಪ್ರತಿಯೊಂದನ್ನೂ ಹೇಳಿಯೇ ಮಾಡುತ್ತಿದ್ದೆ. ಮೊದಲ ದಿನ ಬರೀ ನಾನು ಮಾಡಿದೆ, ಅವಳ ಕೈ ತೊಡೆಯ ಮೇಲೆ. ಎರಡನೆಯ ವಾರ ಪೆಡಲ್ ಅವಳದು, ಸ್ಟಿಕ್ ನನ್ನದು. ಮೂರನೆಯ ವಾರ ಎರಡೂ ಅವಳದು. ಪ್ರತಿ ಸಲ ಗ್ಲೈಡರು ಮಗುಚಿದಾಗ ಅವಳ ಉಸಿರು ಸಿಕ್ಕಿಕೊಳ್ಳುವುದು ಹಿಂದಿನ ಸೀಟಿಗೆ ಕೇಳುತ್ತಿತ್ತು. ಒಂದು ದಿನ ಕೇಳಲಿಲ್ಲ. ಸುತ್ತು ನಿಂತಿತು, ಮೂತಿ ಎದ್ದಿತು, ನಾನು ಒಂದು ಬೆರಳನ್ನೂ ಆಡಿಸಿರಲಿಲ್ಲ. "ಇನ್ನೊಂದು ಮಾಡೋಣವಾ ಅಂಡಿ?" ಎಂದಳು. ನನಗೆ ಸಂಭ್ರಮವೋ ಸಂಭ್ರಮ. ಮುಂದಿನ ಶನಿವಾರ ಒಬ್ಬಳೇ ಹೋಗು ಎಂದೆ.

ಇನ್ನು ನನ್ನ ದೊಡ್ಡ ತಪ್ಪು. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ.

ಬಾಲದ ಬಿಲ್ಲೆಗಳು ಹೊರಗೆ ಕಾಣುವುದಿಲ್ಲ, ಒಂದು ಮುಚ್ಚಳದ ಕೆಳಗಿರುತ್ತವೆ. ಅವು ಒಳಗಿರುವಾಗ ಹಗುರವಾದವರು ಒಬ್ಬರೇ ಹಾರಿದರೆ ಬಾಲ ಮಿತಿಮೀರಿ ಭಾರವಾಗುತ್ತದೆ. ಆಗ ಸ್ಪಿನ್ ಬಿದ್ದರೆ ಯಾವ ಪಾಠವೂ ನೆರವಿಗೆ ಬರದೆ ಹೋಗಬಹುದು. ಆದ್ದರಿಂದ ನಾನೇ ಒಂದು ಪದ್ಧತಿ ಮಾಡಿದ್ದೆ. ಬಿಲ್ಲೆ ಹಾಕಿದಾಗ ಮುಂದಿನ ಮೀಟರುಗಳ ಹತ್ತಿರ ಕೆಂಪು ರಿಬ್ಬನ್ ಕಟ್ಟುವುದು, ತೆಗೆದಾಗ ಬಿಚ್ಚುವುದು. ರಿಬ್ಬನ್ ಇದ್ದರೆ ಬಿಲ್ಲೆ ಇದೆ, ಇಲ್ಲದಿದ್ದರೆ ಇಲ್ಲ. ನನಗೆ ಈ ಪದ್ಧತಿಯ ಬಗ್ಗೆ ಭಾರೀ ಹೆಮ್ಮೆ.

ಆ ಶನಿವಾರ ಮೊದಲು ಪ್ರಸಾದ್ ಗಾರಿಗೆ ಸ್ಪಿನ್ ಪಾಠ. ಬಿಲ್ಲೆ ಹಾಕಿ, ರಿಬ್ಬನ್ ಕಟ್ಟಿ, ಹೋಗಿ ಬಂದೆವು. ಇಳಿಯುವಾಗ, ಬಿಲ್ಲೆ ತೆಗೆಯಲು ಹೇಗೂ ಈಗಲೇ ಹೋಗುತ್ತೇನಲ್ಲ ಎಂದು ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ವಿಂಚಿನ ಹಗ್ಗ ತುಂಡಾಗಿದೆ ಎಂದು ಕೂಗು ಬಂತು. ಅತ್ತ ಓಡಿದೆ. ಹಗ್ಗ ಜೋಡಿಸಿ, ಬಿಸಿಲಿಗೆ ಬಸವಳಿದು, ಪ್ರಸಾದ್ ಗಾರು ಹೋಟೆಲಿನಿಂದ ತರಿಸಿದ್ದ ಇಡ್ಲಿ ತಿಂದು ಬಂದು ಗ್ಲೈಡರಿನೊಳಗೆ ಇಣುಕಿದೆ. ರಿಬ್ಬನ್ ಇರಲಿಲ್ಲ. ನನ್ನ ಪದ್ಧತಿಯ ಪ್ರಕಾರ ಬಿಲ್ಲೆಯೂ ಇಲ್ಲ.

"ಹೂಂ, ತಂಗಿ, ತಯಾರಾಗು," ಎಂದೆ.

ಲಾವಣ್ಯ ಗ್ಲೈಡರಿನ ಸುತ್ತ ತಪಾಸಣೆಗೆ ಹೊರಟಳು. ಬಾಲದ ಹತ್ತಿರ ನಿಂತಳು. ಕೈ ಹಾಕಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ, "ಮಾಸ್ಟಾರೂ, ನಾನು ಈಗ ಹಾರೋದಿಲ್ಲಂಡಿ. ಯಾಕಂದರೆ..." ಎಂದಳು.

ಯಾಕೆಂದರೆ ಎಂಬುದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಅವಳಿಗೆ ಹಳೆಯ ಭಯ ಮತ್ತೆ ಬಂತು, ನನ್ನ ಇಷ್ಟು ತಿಂಗಳ ಶ್ರಮ ನೀರುಪಾಲಾಯಿತು ಎಂದು ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ಕೂಗಾಡಿದೆ. "ಹೆದರಿಕಿ ಇದ್ದರ ಮನ್ಯಾಗ ಕೂಡಬೇಕು. ಇಷ್ಟು ಮಂದಿ ನಿನ್ನ ಸಲುವಾಗಿ ಬಿಸಿಲಾಗ ನಿಂತಾರ. ನಿನ್ನಂಥಾಕಿಗೆ ಕಲಿಸಿದ್ದು ನಂದು ತಪ್ಪು." ಇನ್ನೂ ಏನೇನೋ ಅಂದೆ. ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಅವಳ ಕಣ್ಣು ತುಂಬಿತ್ತು. ಆದರೆ ಜಾಗದಿಂದ ಕದಲಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ಬಾಲ ಭಾರ ಇದೆ ಅಂಡಿ. ಮುಚ್ಚಳ ತೆಗೆದು ನೋಡಿ," ಎಂದಳು.

"ರಿಬ್ಬನ್ ಇಲ್ಲಲ್ಲ?"

"ರಿಬ್ಬನ್ ಇಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಬರೀ ಚೀಟಿ ನಂಬಿ ಯಾರೂ ಮಷಿನ್ ಮುಟ್ಟೋದಿಲ್ಲ ಮಾಸ್ಟಾರೂ. ಒಳಗಡೆ ನೋಡಿಯೇ ಮುಟ್ಟೋದು."

ಪ್ರಸಾದ್ ಗಾರು ಮುಚ್ಚಳ ಬಿಚ್ಚಿದರು. ಅವರಿಗೆಂದು ನಾನು ಹಾಕಿದ್ದ ಬಿಲ್ಲೆಗಳೆಲ್ಲ ಅಲ್ಲೇ ಇದ್ದವು. ನಾನು ಜೇಬಿಗೆ ಕೈ ಹಾಕಿದೆ. ರಿಬ್ಬನ್ ಕೈಗೆ ಸಿಕ್ಕಿತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಎದುರು ನಿಂತಿದ್ದ ಹುಡುಗಿ ನನ್ನ ಬೈಗುಳಕ್ಕೆ ಹೆದರಿ ಗ್ಲೈಡರು ಹತ್ತಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಆ ಕ್ಷಣ ಪೂರ್ತಿಯಾಗಿ ಕಂಡೆ.

ಎದ್ದು ನಿಂತು, ಬೈದಷ್ಟೇ ಗಟ್ಟಿ ದನಿಯಲ್ಲಿ, ಅಷ್ಟೇ ಜನರ ಮುಂದೆ ಕ್ಷಮೆ ಕೇಳಿದೆ. ಕನ್ನಡದಲ್ಲಿ ಒಮ್ಮೆ, ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲಿ ಒಮ್ಮೆ. ಕ್ಲಬ್ಬಿನ ಘಟನೆಗಳ ಪುಸ್ತಕದಲ್ಲಿ ನನ್ನ ಹೆಸರು ಹಾಕಿ ತಪ್ಪನ್ನು ಬರೆದೆ. ಹೊಸ ಪದ್ಧತಿಯನ್ನು ಲಾವಣ್ಯಳೇ ಹೇಳಿದಳು, ನಾನು ಬರೆದುಕೊಂಡೆ: ಬಿಲ್ಲೆಗಳೆಲ್ಲ ಪೆಟ್ಟಿಗೆಗೆ ಬಂದದ್ದನ್ನು ಇಬ್ಬರು ನೋಡಿದ ಮೇಲೆ ಮಾತ್ರ ರಿಬ್ಬನ್ ಬಿಚ್ಚಬೇಕು, ಹಾರುವವರು ರಿಬ್ಬನ್ ನಂಬದೆ ಮುಚ್ಚಳ ತೆಗೆದು ನೋಡಬೇಕು.

ಅವತ್ತಿಗೆ ಹಾರಾಟ ಸಾಕು ಎಂದೆ. ನನ್ನ ಧೈರ್ಯವೇ ಉಡುಗಿಹೋಗಿತ್ತು. ಲಾವಣ್ಯ ಒಪ್ಪಲಿಲ್ಲ. "ಈಗ ಸರಿ ಇದೆಯಲ್ಲಾ ಅಂಡಿ. ಸರಿ ಇದ್ದಾಗ ಯಾಕೆ ಬೇಡ?" ಬಿಲ್ಲೆಗಳನ್ನು ತೆಗೆದದ್ದನ್ನು ತಾನೇ ನಿಂತು ನೋಡಿದಳು. ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಳು. ನಾನು ಖಾಲಿಯಿದ್ದ ಹಿಂದಿನ ಸೀಟಿನ ಬೆಲ್ಟುಗಳನ್ನು ಕಟ್ಟಿ, ಅದರ ಗಾಜಿನ ಕವಚ ಮುಚ್ಚಿದೆ. ಅವಳ ತಲೆಯ ಮೇಲೆ ಕೈಯಿಟ್ಟೆ, ಅಷ್ಟೇ.

ವಿಂಚ್ ಎಳೆಯಿತು. ಹಿಂದೆ ಯಾರೂ ಇಲ್ಲದ ಗ್ಲೈಡರು ಸರ್ರನೆ ಮೇಲೇರಿ, ಹಗ್ಗ ಬಿಟ್ಟು, ಎಡಕ್ಕೆ ತಿರುಗಿತು. ಆ ತಿರುವಿನಲ್ಲಿ ಮೂತಿ ಎಲ್ಲಿದೆ, ವೇಗ ಎಷ್ಟಿದೆ ಎಂದು ನಾನು ಕುರ್ಚಿಯ ತುದಿಯಲ್ಲಿ ಕೂತು ಕಣ್ಣಲ್ಲೇ ಹಾರಿಸುತ್ತಿದ್ದೆ. ಅವಳಿಗೆ ನನ್ನ ನೆರವು ಬೇಕಿರಲಿಲ್ಲ. ಕೊನೆಯ ತಿರುವನ್ನು ಅಚ್ಚುಕಟ್ಟಾಗಿ ಮುಗಿಸಿ, ಒಮ್ಮೆ ಪುಟಿದು, ನಮ್ಮ ಎದುರೇ ಬಂದು ನಿಂತಳು. ಎಲ್ಲರೂ ಓಡಿದರು. ನಾನು ಓಡಲಿಲ್ಲ, ಅಳುತ್ತಿದ್ದೆ. ಪ್ರಸಾದ್ ಗಾರು ಬಂದು ತಮ್ಮ ಟವೆಲ್ ಕೊಟ್ಟರು.

ಅದೇ ತಿಂಗಳು ನಿವೃತ್ತನಾದೆ. ಲಾವಣ್ಯ ಹಾರುತ್ತಾ ಹೋದಳು. ಬೋಧಕರ ಪರೀಕ್ಷೆಯನ್ನೂ ಮುಗಿಸಿದಳು. ಕಾರ್ಖಾನೆಯ ಕೆಲಸ ಬಿಟ್ಟಿಲ್ಲ. ಶನಿವಾರ ಅನಕಾಪಲ್ಲಿಯಲ್ಲಿ ರೈಲು ಹತ್ತುವುದನ್ನೂ ಬಿಟ್ಟಿಲ್ಲ. ಭಾನುವಾರ ಸಂಜೆ ವಾಪಸು ಬರುವ ರೈಲಿನಿಂದ ಫೋನ್ ಮಾಡುತ್ತಾಳೆ. ಹೋದ ವಾರ ಮಾಡಿದಾಗ, ತನ್ನ ಶಿಷ್ಯರೊಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ನಡುವಯಸ್ಸಿನವರು, ಮೊದಲ ಸಲ ಒಬ್ಬರೇ ಹಾರಬೇಕಾದವರು, ಕೊನೆ ಗಳಿಗೆಯಲ್ಲಿ ಆಗುವುದಿಲ್ಲ ಎಂದರು ಎಂದಳು.

"ಗ್ಲೈಡರಿಗೆ ಏನಾಗಿತ್ತವ್ವಾ?" ಎಂದೆ ಗಾಬರಿಯಿಂದ.

"ಏನೂ ಆಗಿರಲಿಲ್ಲ ಮಾಸ್ಟಾರೂ. ಅವರನ್ನ ಕೂರಿಸಿಬಿಟ್ಟು ಮೂತಿಯಿಂದ ಬಾಲದ ತನಕ ಎಲ್ಲಾ ನೋಡಿದೆ. ಸರಿಯಾಗೇ ಇತ್ತು. ಅವರಿಗೆ ಬರೀ ಭಯ."

"ಮತ್ತ ಏನು ಮಾಡಿದಿ?"

"ಏನಿಲ್ಲಂಡಿ. ಹಿಂದಿನ ಸೀಟಲ್ಲಿ ನಾನು ಹತ್ತಿ ಕೂತೆ."